ಹದಿನಾಲ್ಕು ತಿರುವು, ಮೂರು ಕನ್ನಡಿ

ತೀರ್ಥಹಳ್ಳಿ ಬಿಟ್ಟು ಆಗುಂಬೆಯ ಕಡೆಗೆ ಹೊರಟರೆ ಮೇಗರವಳ್ಳಿ, ಗುಡ್ಡೇಕೇರಿ ದಾಟುವ ತನಕ ಘಟ್ಟದ ಸುಳಿವೇ ಸಿಗುವುದಿಲ್ಲ. ರಸ್ತೆಯ ಅಕ್ಕಪಕ್ಕ ಅಡಿಕೆ ತೋಟ, ಗದ್ದೆ ಬಯಲು, ನಡುನಡುವೆ ದಟ್ಟ ಕಾಡು. ದಸರೆಯ ಹೊತ್ತಿಗೆ ಮಳೆಯ ಅಬ್ಬರ ಇಳಿದಿರುತ್ತದೆಯೇ ಹೊರತು ಮಳೆ ಪೂರ್ತಿ ಹೋಗಿರುವುದಿಲ್ಲ. ಮರದ ಬೊಡ್ಡೆಗಳ ಪಾಚಿ ಇನ್ನೂ ಹಸಿರು. ಬೆಳಗಿನ ಮಂಜು ಹತ್ತು ಗಂಟೆಯಾದರೂ ಏಳಲೊಲ್ಲದು. ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿರುವ ಆಗುಂಬೆ ಪೇಟೆಗೆ ಬಂದ ಮೇಲೆಯೇ ನೆಲ ಇಲ್ಲಿಗೆ ಮುಗಿಯಿತು ಎಂಬ ಭಾವನೆ ಹುಟ್ಟುವುದು. ಅಲ್ಲಿಂದಾಚೆ ರಸ್ತೆ ಕೆಲವೇ ಕಿಲೊಮೀಟರುಗಳಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ಸುತ್ತಿ ಸೋಮೇಶ್ವರದ ಬುಡಕ್ಕೆ ಇಳಿಯುತ್ತದೆ. ಮುಂದೆ ಹೆಬ್ರಿ, ಪೆರ್ಡೂರು, ಹಿರಿಯಡಕ, ಮಣಿಪಾಲ, ಉಡುಪಿ.

ಆಗುಂಬೆ ಎಂದೊಡನೆ ಎಲ್ಲರಿಗೂ ನೆನಪಾಗುವ ಸಂಗತಿಗಳು ನಾಲ್ಕೈದು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರುವ ಮಳೆ ಮತ್ತು ಅದರಿಂದ ಬಂದ ‘ದಕ್ಷಿಣದ ಚಿರಾಪುಂಜಿ’ ಎಂಬ ಹೆಸರು. ಕಾಳಿಂಗ ಸರ್ಪ. ಆಕಾಶ ತಿಳಿಯಾದ ಚಳಿಗಾಲದ ಸಂಜೆ ಅರಬ್ಬಿ ಸಮುದ್ರಕ್ಕೆ ಜಾರುವ ಸೂರ್ಯ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ ದೊಡ್ಡಮನೆ. ಆದರೆ ಮಲೆನಾಡಿನ ಅನೇಕ ಮನೆಗಳಿಗೆ ಆಗುಂಬೆ ಪ್ರೇಕ್ಷಣೀಯ ಸ್ಥಳವಲ್ಲ. ಮಕ್ಕಳು ಓದಲು ಹೋಗುವ ದಾರಿ. ಉಡುಪಿ, ಮಣಿಪಾಲದ ಕಾಲೇಜುಗಳಿಗೆ ಸೇರಿದ ಹುಡುಗ ಹುಡುಗಿಯರು ರಜೆ ಬಂದಾಗ ಈ ಘಟ್ಟ ಹತ್ತುತ್ತಾರೆ, ರಜೆ ಮುಗಿದಾಗ ಇಳಿಯುತ್ತಾರೆ. ಅಪ್ಪ ಅಮ್ಮಂದಿರು ಮನೆಯಲ್ಲಿ ಕೂತು, ಈಗ ಆಗುಂಬೆ ದಾಟಿರಬಹುದು, ಈಗ ಸೋಮೇಶ್ವರ ತಲುಪಿರಬಹುದು ಎಂದು ಲೆಕ್ಕ ಹಾಕುತ್ತಾರೆ.

ದಸರಾ ರಜೆ ಮುಗಿದ ಮರುದಿನ ಇಂಥದೊಂದು ಮನೆಯ ಕಾರು ಆಗುಂಬೆಯ ಚಹಾದಂಗಡಿಯ ಮುಂದೆ ನಿಂತಿತು. ಮಗಳು ಉಡುಪಿಯಲ್ಲಿ ಎರಡನೇ ವರ್ಷದ ಪದವಿ ವಿದ್ಯಾರ್ಥಿನಿ. ಹಾಸ್ಟೆಲ್ ಬಿಟ್ಟು ಗೆಳತಿಯರ ಜೊತೆ ಬಾಡಿಗೆ ಕೋಣೆ ಹಿಡಿದಿದ್ದಾಳೆ. ಹಾಗಾಗಿ ಹಿಂದಿನ ಸೀಟಿನಲ್ಲಿ ಸುತ್ತಿ ನಿಲ್ಲಿಸಿದ ಹಾಸಿಗೆ, ಅದರ ಮೇಲೆ ದಿಂಬು, ಪಕ್ಕದಲ್ಲಿ ಅಕ್ಕಿ ಚೀಲ, ಪುಸ್ತಕದ ರಟ್ಟಿನ ಪೆಟ್ಟಿಗೆ, ಅಮ್ಮ ಬಟ್ಟೆ ಸುತ್ತಿ ಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ. ಕಾರಿನ ಹಿಂದಿನ ಗಾಜು ಪೂರ್ತಿ ಮುಚ್ಚಿಹೋಗಿತ್ತು. ಅವಳಿಗೆ ಲೈಸೆನ್ಸ್ ಬಂದು ಮೂರು ತಿಂಗಳು. ತೀರ್ಥಹಳ್ಳಿಯಿಂದ ಇಲ್ಲಿಯವರೆಗೆ ಓಡಿಸಿದ್ದು ತಂದೆ.

“ಅಪ್ಪಯ್ಯ, ಘಟ್ಟ ನಾನು ಇಳಿಸ್ತೀನಿ” ಎಂದಳು ಮಗಳು.

“ಬೇಡ ಮಾರಾಯ್ತಿ. ಹೆಬ್ರಿಯಿಂದ ಮುಂದೆ ಬೇಕಾದ್ರೆ ಓಡ್ಸು.”

“ಹೆಬ್ರಿಯಿಂದ ಮುಂದೆ ಯಾರು ಬೇಕಾದ್ರೂ ಓಡಿಸ್ತಾರೆ. ನೀವು ಪಕ್ಕದಲ್ಲಿರುವಾಗ ಕಲೀದೆ ಇನ್ಯಾವಾಗ ಕಲಿಯೋದು?”

ಈ ಪ್ರಶ್ನೆಗೆ ತಂದೆಯ ಬಳಿ ಉತ್ತರವಿರಲಿಲ್ಲ. ಅವರು ಚಹಾದ ಲೋಟ ಕೆಳಗಿಡುವ ಹೊತ್ತಿಗೆ ಪಕ್ಕದ ಬೆಂಚಿನಲ್ಲಿದ್ದ ಮಿನಿ ಬಸ್ಸಿನ ಚಾಲಕರೊಬ್ಬರು ಕಾರಿನ ಕಡೆ ನೋಡಿ, “ಘಟ್ಟ ಇಳಿಯುದಾ? ನಿಮ್ಮ ಎಡದ ಕನ್ನಡಿ ಮಡಚಿ ಉಂಟಲ್ಲ ಮಾರಾಯ್ರೆ” ಎಂದರು.

ಹೌದು, ಮಡಚಿಯೇ ಇತ್ತು. ಮನೆಯ ಓಣಿ ಕಿರಿದು. ಹಾಲಿನವರ ಬೈಕು, ಗ್ಯಾಸ್ ಸಿಲಿಂಡರಿನ ಆಟೊ ತಾಗದಿರಲೆಂದು ರಾತ್ರಿ ಕನ್ನಡಿ ಮಡಚಿಡುವುದು ತಂದೆಯ ರೂಢಿ. ಬೆಳಿಗ್ಗೆ ಅದನ್ನು ಬಿಚ್ಚಲು ಅವರಿಗೆ ನೆನಪಾಗುವುದೇ ಇಲ್ಲ. “ನಾನು ಗಾಡಿ ಕಲ್ತಿದ್ದು ಅಂಬಾಸಿಡರಿನಲ್ಲಿ. ಅದಕ್ಕೆ ಎಡಗನ್ನಡಿನೇ ಇರ್ಲಿಲ್ಲ. ಮೂವತ್ತು ವರ್ಷ ಏನೂ ಆಗಿಲ್ಲ” ಎಂದರು.

“ಆಗ ನಿಮ್ಮ ಎಡಗಡೆ ನುಗ್ಗಲಿಕ್ಕೆ ಇಷ್ಟು ಬೈಕು ಎಲ್ಲಿತ್ತು?” ಎಂದರು ಬಸ್ಸಿನ ಚಾಲಕರು. ಹಾಸಿಗೆಯತ್ತ ಬೆರಳು ತೋರಿಸಿ, “ಒಳಗಿನ ಕನ್ನಡಿಯಲ್ಲಿ ಎಂತ ಕಾಣ್ತದೆ, ತಲೆದಿಂಬಾ?” ಎಂದೂ ಸೇರಿಸಿದರು. ಬೆಂಚಿನಲ್ಲಿದ್ದವರೆಲ್ಲ ನಕ್ಕರು. ತಂದೆಯೂ ನಗಬೇಕಾಯಿತು. ಮೂರು ಕನ್ನಡಿಗಳಲ್ಲಿ ಒಂದು ಮಡಚಿತ್ತು, ಒಂದಕ್ಕೆ ಹಾಸಿಗೆ ಅಡ್ಡವಿತ್ತು. ಮೂವತ್ತು ಕಿಲೊಮೀಟರ್ ದಾರಿಯನ್ನು ಅವರು ಒಂದೇ ಕನ್ನಡಿಯಲ್ಲಿ ಬಂದಿದ್ದರು.

ಬೆನ್ನ ಹಿಂದಿನ ಕಣ್ಣು

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಕೇಳುತ್ತದೆ ಗಾದೆ. ಬೆನ್ನ ಹಿಂದೆ ಬರುವುದಕ್ಕೆ ಮಾತ್ರ ಕನ್ನಡಿ ಬೇಕೇ ಬೇಕು. ಆದರೂ ಮೋಟಾರು ಕಾರಿನ ಮೊದಲ ದಿನಗಳಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ. ರಸ್ತೆಯಲ್ಲಿ ಕಾರುಗಳೇ ಅಪರೂಪವಾಗಿದ್ದಾಗ ಹಿಂದಿನಿಂದ ಬರುವವರಾದರೂ ಯಾರು!

ಈ ಮಾತನ್ನು ಮೊದಲು ಬರೆದಿಟ್ಟವರಲ್ಲಿ ಒಬ್ಬಳು ಹೆಣ್ಣುಮಗಳು. ಇಂಗ್ಲೆಂಡಿನ ಡೊರೊತಿ ಲೆವಿಟ್ 1909ರಲ್ಲಿ ಹೆಂಗಸರಿಗಾಗಿ ಕಾರು ಓಡಿಸುವ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದಳು. ಸ್ವತಃ ಪಂದ್ಯಗಳಲ್ಲಿ ಕಾರು ಓಡಿಸಿದವಳು. ಹೆಂಗಸರು ಜೊತೆಯಲ್ಲೊಂದು ಕೈಗನ್ನಡಿ ಇಟ್ಟುಕೊಳ್ಳಬೇಕು, ಅಲಂಕಾರಕ್ಕಷ್ಟೇ ಅಲ್ಲ, ಆಗಾಗ ಎತ್ತಿ ಹಿಡಿದು ಹಿಂದಿನ ರಸ್ತೆ ನೋಡುವುದಕ್ಕೂ ಎಂಬುದು ಅವಳ ಸಲಹೆ. ಎರಡು ವರ್ಷದ ಬಳಿಕ, 1911ರ ಮೇ 30ರಂದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಮೊದಲ ಐನೂರು ಮೈಲಿ ಪಂದ್ಯ ನಡೆಯಿತು. ಉಳಿದ ಸ್ಪರ್ಧಿಗಳು ಕಾರಿನಲ್ಲಿ ಒಬ್ಬೊಬ್ಬ ಮೆಕ್ಯಾನಿಕನನ್ನು ಕೂರಿಸಿಕೊಂಡಿದ್ದರು. ಹಿಂದೆ ಯಾರು ಬರುತ್ತಿದ್ದಾರೆಂದು ಹೇಳುವುದೂ ಅವನ ಕೆಲಸವಾಗಿತ್ತು. ರೇ ಹ್ಯಾರೂನ್ ಮಾತ್ರ ಒಬ್ಬನೇ ಕೂರುವ ಕಾರು ತಂದಿದ್ದ. ಎದುರಾಳಿಗಳು ತಕರಾರು ತೆಗೆದಾಗ ಮುಂದೆ ಒಂದು ಕನ್ನಡಿ ಬಿಗಿದು ತೋರಿಸಿದ. ಗಂಟೆಗೆ ಸರಾಸರಿ 120 ಕಿಲೊಮೀಟರ್ ವೇಗದಲ್ಲಿ ಪಂದ್ಯವನ್ನೂ ಗೆದ್ದ. ಇಟ್ಟಿಗೆ ಹಾಸಿದ ಆ ಓಟದಾರಿಯಲ್ಲಿ ಕನ್ನಡಿ ಎಷ್ಟು ಅಲುಗುತ್ತಿತ್ತೆಂದರೆ ಅದರಲ್ಲಿ ಏನೂ ಕಾಣುತ್ತಿರಲಿಲ್ಲ ಎಂದು ಮುಂದೆ ಅವನೇ ಹೇಳಿಕೊಂಡ!

ಕಾಣದ ಕನ್ನಡಿ ಇದ್ದರೆಷ್ಟು, ಬಿಟ್ಟರೆಷ್ಟು? ಇಂದಿನ ಕಾರುಗಳಿಗೆ ಮೂರು ಕನ್ನಡಿ ಇರುತ್ತದೆ. ಗುಂಡಿ ಒತ್ತಿದರೆ ತಿರುಗುವ ಕನ್ನಡಿ, ಹಿಂದೆ ಕ್ಯಾಮೆರಾ ಕೂಡ ಬಂದಿವೆ. ಆದರೆ ಅವನ್ನು ತಮ್ಮ ಕಣ್ಣಿಗೆ ಹೊಂದಿಸಿಕೊಂಡು ಕೂರುವವರು ಕಡಿಮೆ. ಅಣ್ಣ ಓಡಿಸಿ ಬಿಟ್ಟ ಕಾರನ್ನು ತಮ್ಮ, ಅಪ್ಪ ಬಿಟ್ಟದ್ದನ್ನು ಮಗಳು, ಇದ್ದ ಕನ್ನಡಿ ಇದ್ದ ಹಾಗೇ ಓಡಿಸುತ್ತಾರೆ.

ಸೀಟಿನಿಂದ ಶುರು

ಚಹಾದಂಗಡಿಯ ಮುಂದೆ ಮೊದಲು ಆದ ಕೆಲಸವೆಂದರೆ ಸಾಮಾನು ಇಳಿಸಿದ್ದು. ನಿಂತಿದ್ದ ಹಾಸಿಗೆಯನ್ನು ಬಿಚ್ಚಿ ಸೀಟಿನ ಮೇಲೆ ಅಡ್ಡ ಹಾಸಿದರು. ಅಕ್ಕಿ ಚೀಲ ಕಾಲಿಡುವ ಜಾಗಕ್ಕೆ ಇಳಿಯಿತು. ದಿಂಬು ಡಿಕ್ಕಿಗೆ ಹೋಯಿತು. ಉಪ್ಪಿನಕಾಯಿಯ ಭರಣಿ ಪುಸ್ತಕಗಳ ನಡುವೆ ಭದ್ರವಾಗಿ ಕೂತಿತು. ಹಿಂದಿನ ಗಾಜಿನಲ್ಲಿ ಆಗುಂಬೆಯ ಪೇಟೆ ಕಾಣತೊಡಗಿತು.

ಆಮೇಲೆ ಮಗಳು ಚಾಲಕನ ಸೀಟಿನಲ್ಲಿ ಕೂತಳು. ಕೂತವಳೇ ಕನ್ನಡಿಗೆ ಕೈ ಹಾಕಿದಳು. ಬಸ್ಸಿನ ಚಾಲಕರು ಕಿಟಕಿಯ ಬಳಿ ಬಗ್ಗಿ, “ಮೊದಲು ಸೀಟು, ಮತ್ತೆ ಕನ್ನಡಿ” ಎಂದರು. ಮಾತು ಚಿಕ್ಕದು, ಕಾರಣ ದೊಡ್ಡದು. ಕನ್ನಡಿಯಲ್ಲಿ ಏನು ಕಾಣಬೇಕೆಂಬುದನ್ನು ನಿರ್ಧರಿಸುವುದು ಕಣ್ಣು ಇರುವ ಜಾಗ. ಸೀಟು ನಾಲ್ಕು ಬೆರಳು ಮುಂದೆ ಹೋದರೆ, ಬೆನ್ನು ಸ್ವಲ್ಪ ಹಿಂದಕ್ಕೆ ವಾಲಿದರೆ ಮೂರೂ ಕನ್ನಡಿಯ ನೋಟ ಬದಲಾಗುತ್ತದೆ. ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಮಂಡಿ ತುಸು ಬಾಗಿರುವಂತೆ, ಬೆನ್ನು ಸೀಟಿಗೆ ತಾಗಿರುವಂತೆ ಕೂತ ಮೇಲೆಯೇ ಕನ್ನಡಿಯ ಸರದಿ.

ಮೊದಲು ಒಳಗಿನ ಕನ್ನಡಿ. ತಲೆ ಅಲುಗಿಸದೆ, ಕಣ್ಣು ಹೊರಳಿಸಿದ ಮಾತ್ರಕ್ಕೆ ಹಿಂದಿನ ಗಾಜು ಇಡಿಯಾಗಿ ಅದರೊಳಗೆ ಕಾಣಬೇಕು. ಸ್ವಂತ ಮುಖ, ಕಿವಿ, ಹಿಂದೆ ಕೂತವರ ಮುಖ ಕಾಣಿಸಬೇಕಾದ ಕನ್ನಡಿ ಇದಲ್ಲ. ಅದರ ಮುಂದೆ ತೂಗುಬಿಡುವ ಗೊಂಬೆ, ಮಣಿಸರಗಳಿಗೆ ಬೇರೆ ಜಾಗ ನೋಡುವುದು ಒಳ್ಳೆಯದು.

ಇನ್ನು ಹೊರಗಿನ ಎರಡು. ಸಾಮಾನ್ಯವಾಗಿ ಎಲ್ಲರೂ ಮಾಡುವುದೇನೆಂದರೆ ಕನ್ನಡಿಯ ಕಾಲುಭಾಗದಲ್ಲಿ ತಮ್ಮದೇ ಕಾರಿನ ಬಾಗಿಲು, ಹಿಡಿಕೆ ಕಾಣುವಂತೆ ತಿರುಗಿಸಿಕೊಳ್ಳುವುದು. ಕಾರು ಕಂಡರೆ ಧೈರ್ಯ. ಆದರೆ ಕಾರಿನ ಬಾಗಿಲು ಎಲ್ಲಿಗೂ ಓಡಿಹೋಗುವುದಿಲ್ಲ. ಅದನ್ನು ಕಾಯುತ್ತ ಕೂರಬೇಕಾಗಿಲ್ಲ. ಹಾಗೆ ಒಳಕ್ಕೆ ತಿರುಗಿದ ಕನ್ನಡಿ, ನಡುವಿನ ಕನ್ನಡಿ ತೋರಿಸಿದ್ದನ್ನೇ ಮತ್ತೆ ತೋರಿಸುತ್ತದೆ. ಕಾರಿನ ಪಕ್ಕಕ್ಕೆ, ಹಿಂದಿನ ಚಕ್ರದ ಆಸುಪಾಸಿನಲ್ಲಿ ಬರುವವರು ಯಾವ ಕನ್ನಡಿಗೂ ಸಿಗುವುದಿಲ್ಲ. ಅದೇ ಕುರುಡು ಜಾಗ. ಅಲ್ಲಿ ಬೈಕು ಮಾತ್ರವಲ್ಲ, ಒಂದು ಕಾರೇ ಅಡಗಿಕೊಳ್ಳಬಹುದು.

ಅಮೆರಿಕದ ಜಾರ್ಜ್ ಪ್ಲಾಟ್ಜರ್ ಎಂಬ ಎಂಜಿನಿಯರ್ 1995ರಲ್ಲಿ ಅಲ್ಲಿನ ಆಟೊಮೊಬೈಲ್ ಎಂಜಿನಿಯರುಗಳ ಸಂಘದ ಮುಂದೆ ಇದರ ರೇಖಾಗಣಿತವನ್ನು ಬಿಡಿಸಿಟ್ಟರು. ಕನ್ನಡಿಗಳನ್ನು ಇನ್ನಷ್ಟು ಹೊರಕ್ಕೆ ತಿರುಗಿಸಿದರೆ ಕುರುಡು ಜಾಗ ಬಹುಮಟ್ಟಿಗೆ ಕರಗುತ್ತದೆ ಎಂಬುದು ಅದರ ಸಾರ. ಸ್ಟೀರಿಂಗ್ ಬಲಕ್ಕಿರುವ ನಮ್ಮ ಕಾರುಗಳಲ್ಲಿ ಅದನ್ನು ಮಾಡುವ ಬಗೆ ಹೀಗೆ. ಚಾಲಕ ತಲೆಯನ್ನು ಬಲಗಡೆಯ ಕಿಟಕಿ ಗಾಜಿಗೆ ತಾಗುವಷ್ಟು ವಾಲಿಸಬೇಕು. ಆ ಸ್ಥಿತಿಯಲ್ಲಿ ಕಾರಿನ ಪಕ್ಕೆ ಬಲಗನ್ನಡಿಯ ಅಂಚಿನಲ್ಲಿ ಕಂಡೂ ಕಾಣದಂತೆ ಇರುವ ತನಕ ಕನ್ನಡಿಯನ್ನು ಹೊರಕ್ಕೆ ತಿರುಗಿಸಬೇಕು. ಅನಂತರ ತಲೆಯನ್ನು ಎರಡು ಸೀಟುಗಳ ನಡುವಿಗೆ, ಒಳಗನ್ನಡಿಯ ನೇರಕ್ಕೆ ತಂದು ಎಡಗನ್ನಡಿಯನ್ನೂ ಹಾಗೆಯೇ ಹೊಂದಿಸಬೇಕು. ಮೇಲೆ ಕೆಳಗಿನ ಲೆಕ್ಕದಲ್ಲಿ ದಿಗಂತ ಕನ್ನಡಿಯ ನಡುವೆ ಬಂದರೆ ಸರಿ. ನೆಟ್ಟಗೆ ಕೂತಾಗ ಈಗ ಸ್ವಂತ ಕಾರು ಕಾಣುವುದಿಲ್ಲ, ಪಕ್ಕದ ಸಾಲು ಕಾಣುತ್ತದೆ. ಎರಡು ದಿನ ಏನೋ ಕಳೆದುಕೊಂಡ ಹಾಗೆ ಅನಿಸುತ್ತದೆ, ಆಮೇಲೆ ರೂಢಿಯಾಗುತ್ತದೆ.

ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ರಸ್ತೆಯ ಅಂಚಿನಲ್ಲಿ ಕಾರು ನಿಲ್ಲಿಸಿ, ಹಿಂದಿನಿಂದ ಬಂದು ದಾಟಿ ಹೋಗುವ ವಾಹನವನ್ನು ಗಮನಿಸಬೇಕು. ಅದು ಒಳಗನ್ನಡಿಯಿಂದ ಜಾರುವ ಮೊದಲೇ ಬಲಗನ್ನಡಿಯಲ್ಲಿ ಮೂಡಬೇಕು. ಬಲಗನ್ನಡಿಯಿಂದ ಜಾರುವ ಮೊದಲೇ ಕಣ್ಣಿನ ಅಂಚಿಗೆ ನೇರವಾಗಿ ಸಿಗಬೇಕು. ನಡುವೆ ಒಂದು ಕ್ಷಣ ಮಾಯವಾದರೆ ಕನ್ನಡಿ ಇನ್ನೂ ಒಳಕ್ಕಿದೆ ಎಂದರ್ಥ.

ಈ ಹೊಂದಾಣಿಕೆಗೆ ಒಂದು ಷರತ್ತೂ ಉಂಟು. ನಡುವಿನ ಕನ್ನಡಿ ಕೆಲಸ ಮಾಡುತ್ತಿರಬೇಕು. ಮದುವೆ ಮನೆಗೆ ಹೊರಟ ಕಾರಿನಂತೆ ಹಿಂದೆ ಮಾಡಿನ ತನಕ ಸಾಮಾನು ತುಂಬಿದ್ದರೆ ನೇರ ಹಿಂದಿನ ನೋಟವೂ ಹೊರಗನ್ನಡಿಗಳಿಂದಲೇ ಸಿಗಬೇಕು. ಅಂಥ ದಿನ ಅವುಗಳಲ್ಲಿ ಕಾರಿನ ಪಕ್ಕೆಯ ಒಂದು ಎಳೆ ಕಾಣುವಂತೆ ಒಳಕ್ಕೆ ತಂದುಕೊಳ್ಳುವುದೇ ಮೇಲು. ಯಾವ ಕನ್ನಡಿಯೂ ಪೂರ್ತಿ ಹೇಳುವುದಿಲ್ಲವಾದ್ದರಿಂದ ಪಕ್ಕಕ್ಕೆ ಸರಿಯುವ ಮುನ್ನ ಕತ್ತು ಹೊರಳಿಸಿ ಒಮ್ಮೆ ನೋಡುವ ಅಭ್ಯಾಸವನ್ನೂ ಬಿಡಬಾರದು.

ಪುಸ್ತಕದಲ್ಲಿದ್ದ ಪೀನ ದರ್ಪಣ

ಎಡಗನ್ನಡಿ ಬಿಚ್ಚಿ ಹೊಂದಿಸಿದ ಮೇಲೆ ಅದರ ಅಡಿಯಲ್ಲಿ ಬರೆದ ಸಣ್ಣ ಇಂಗ್ಲಿಷ್ ಅಕ್ಷರಗಳು ಮಗಳ ಕಣ್ಣಿಗೆ ಬಿದ್ದವು. ಕನ್ನಡಿಯೊಳಗೆ ಕಾಣುವ ವಸ್ತುಗಳು ನಿಜಕ್ಕೂ ಇನ್ನೂ ಹತ್ತಿರದಲ್ಲಿವೆ ಎಂಬುದು ಅದರ ಎಚ್ಚರಿಕೆ. ಹತ್ತನೆಯ ತರಗತಿಯಲ್ಲಿ ಪೀನ ದರ್ಪಣದ ಲೆಕ್ಕ ಮಾಡದವರು ಯಾರಿದ್ದಾರೆ? ಉಬ್ಬಿದ ಕನ್ನಡಿಯ ಪ್ರತಿಬಿಂಬ ನೇರವಾಗಿರುತ್ತದೆ, ವಸ್ತುವಿಗಿಂತ ಚಿಕ್ಕದಾಗಿರುತ್ತದೆ. ವಾಹನಗಳ ಹಿನ್ನೋಟಕ್ಕೆ ಬಳಸುತ್ತಾರೆ ಎಂದು ಬರೆದು ಅಂಕ ಗಿಟ್ಟಿಸಿದವರೇ ಎಲ್ಲರೂ.

ಅದೇ ಲೆಕ್ಕವನ್ನು ರಸ್ತೆಯ ಮೇಲೆ ಮಾಡಿದರೆ ಅದರ ಅರ್ಥವೇ ಬೇರೆ. ಕನ್ನಡಿಯ ವಕ್ರತಾ ತ್ರಿಜ್ಯ 2 ಮೀಟರ್ ಎಂದಿಟ್ಟುಕೊಂಡರೆ ಸಂಗಮದೂರ 1 ಮೀಟರ್. ಹತ್ತು ಮೀಟರ್ ಹಿಂದೆ ಒಂದು ಬೈಕು ಬರುತ್ತಿದೆ. ಸೂತ್ರದ ಪ್ರಕಾರ ಪ್ರತಿಬಿಂಬ ಮೂಡುವುದು ಕನ್ನಡಿಯ ಹಿಂದೆ ಸುಮಾರು 0.91 ಮೀಟರಿನಲ್ಲಿ, ಗಾತ್ರ ಹನ್ನೊಂದರಲ್ಲಿ ಒಂದು ಪಾಲು. ಚಾಲಕನ ಕಣ್ಣಿನಿಂದ ಎಡಗನ್ನಡಿ ಸುಮಾರು 1.3 ಮೀಟರ್ ದೂರ. ಅಲ್ಲಿಂದ ನೋಡುವವರಿಗೆ ಆ ಬೈಕು, ಚಪ್ಪಟೆ ಕನ್ನಡಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮೀಟರ್ ಹಿಂದಿರುವ ಬೈಕಿನಷ್ಟೇ ಚಿಕ್ಕದಾಗಿ ಕಾಣುತ್ತದೆ. “ಅಯ್ಯೋ, ಇನ್ನೂ ದೂರ ಇದಾನೆ” ಎಂದು ಎಡಕ್ಕೆ ಎಳೆದುಕೊಂಡರೆ ಅವನು ಪಕ್ಕದಲ್ಲೇ ಇರುತ್ತಾನೆ.

ಹಾಗಿದ್ದರೆ ಚಪ್ಪಟೆ ಕನ್ನಡಿಯನ್ನೇ ಹಾಕಬಾರದೇ? ಹಾಕಿದರೆ ದೂರ ಸರಿಯಾಗಿ ತಿಳಿಯುತ್ತದೆ, ಆದರೆ ಕಾಣುವ ರಸ್ತೆ ಕಿರಿದಾಗುತ್ತದೆ. ಉಬ್ಬುಗನ್ನಡಿ ಅಗಲವನ್ನು ಕೊಟ್ಟು ದೂರದ ಅಂದಾಜನ್ನು ಕಿತ್ತುಕೊಳ್ಳುತ್ತದೆ. ಅದಕ್ಕಾಗಿಯೇ ಜಾಣ ಚಾಲಕರು ಎರಡು ಕನ್ನಡಿಯ ಸಾಕ್ಷ್ಯ ಕೇಳುತ್ತಾರೆ. ಪಕ್ಕದಲ್ಲಿ ಯಾರಿದ್ದಾರೆ ಎಂಬುದನ್ನು ಹೊರಗಿನ ಉಬ್ಬುಗನ್ನಡಿಯಲ್ಲಿಯೂ ಎಷ್ಟು ಹತ್ತಿರ ಎಂಬುದನ್ನು ಒಳಗಿನ ಚಪ್ಪಟೆ ಕನ್ನಡಿಯಲ್ಲಿಯೂ ನೋಡುತ್ತಾರೆ. ಕೆಲವು ಘಟ್ಟಗಳ ಕುರುಡು ತಿರುವಿನಲ್ಲಿ ಕಂಬಕ್ಕೆ ಬಿಗಿದಿರುವ ದೊಡ್ಡ ಉಬ್ಬುಗನ್ನಡಿಗಳಿಗೂ ಇದೇ ಮಾತು. ಆಚೆಯಿಂದ ವಾಹನ ಬರುತ್ತಿದೆ ಎಂದು ಅವು ಹೇಳಬಲ್ಲವು, ಎಷ್ಟು ದೂರದಲ್ಲಿದೆ ಎಂದು ಹೇಳಲಾರವು. ಮಂಜು ಕವಿದಾಗ, ಪಾಚಿ ಹಿಡಿದಾಗ ಅದನ್ನೂ ಹೇಳುವುದಿಲ್ಲ. ಹಾರ್ನ್ ಮತ್ತು ನಿಧಾನವೇ ಆಗ ಗತಿ.

ಎಡ ತಿರುವು, ಬಲ ತಿರುವು

ಮಿನಿ ಬಸ್ಸು ಮುಂದೆ ಹೊರಟಿತು. ಇಷ್ಟು ಬಿಗಿಯಾದ ತಿರುವುಗಳಲ್ಲಿ ಉದ್ದನೆಯ ಗಾಡಿ ಒಮ್ಮೆಗೇ ತಿರುಗುವುದು ಕಷ್ಟ. ಈ ದಾರಿಯಲ್ಲಿ ಮಿನಿ ಬಸ್ಸುಗಳೇ ರೂಢಿಯಾಗಿರುವುದಕ್ಕೆ ಅದೇ ಕಾರಣ. ಹಿಂದೆ ಕಾರು. ಮಗಳ ಕೈ ಸ್ಟೀರಿಂಗಿನ ಮೇಲೆ, ತಂದೆಯ ಕೈ ತಮ್ಮದೇ ಮಂಡಿಯ ಮೇಲೆ. ಸೂರ್ಯಾಸ್ತ ನೋಡುವ ಕಟ್ಟೆಯ ಬಳಿ ಬೆಳಗಿನ ಹೊತ್ತಾದ್ದರಿಂದ ಮಂಗಗಳ ಹೊರತು ಯಾರೂ ಇರಲಿಲ್ಲ. ಕೆಳಗೆ ಕಾಡಿನ ಹಸಿರು ಮಡಿಕೆಗಳ ಮೇಲೆ ಬಿಳಿ ಮೋಡ ಅರಳೆಯಂತೆ ಬಿದ್ದಿತ್ತು.

ಘಟ್ಟ ಇಳಿಯುವಾಗ ಹತ್ತಲು ಬೇಕಾಗುವಷ್ಟೇ ಕೆಳಗಿನ ಗೇರು ಬೇಕು. ನ್ಯೂಟ್ರಲ್‌ಗೆ ಹಾಕಿ ಪೆಟ್ರೋಲ್ ಉಳಿಸುವ ಜಾಣತನ ಬೇಡ. ರಸ್ತೆ ಕಿರಿದಾದಲ್ಲಿ ಹತ್ತುವ ವಾಹನಕ್ಕೆ ಇಳಿಯುವ ವಾಹನ ನಿಂತು ದಾರಿ ಬಿಡಬೇಕೆಂಬುದು ನಿಯಮ. ಇವೆಲ್ಲ ಮಗಳಿಗೆ ಗೊತ್ತಿತ್ತು. ಗೊತ್ತಿಲ್ಲದ ಒಂದು ಸಂಗತಿಯನ್ನು ಘಟ್ಟವೇ ಕಲಿಸಿತು.

ನೇರ ರಸ್ತೆಯಲ್ಲಿ ಹಿಂದಿನ ದಾರಿ ಒಳಗನ್ನಡಿಯಲ್ಲಿರುತ್ತದೆ. ಹೇರ್‌ಪಿನ್ ತಿರುವಿನಲ್ಲಿ ಹಾಗಲ್ಲ. ಕಾರು ಎಡಕ್ಕೆ ಸುತ್ತುತ್ತಿದ್ದಂತೆ ಒಳಗನ್ನಡಿಯಲ್ಲಿ ಕಾಡು ತುಂಬಿಕೊಳ್ಳುತ್ತದೆ. ಬಲಗನ್ನಡಿಯಲ್ಲಿ ತಡೆಗೋಡೆ ಅಥವಾ ಆಕಾಶ. ಬಿಟ್ಟುಬಂದ ರಸ್ತೆ ಸರಿದು ಎಡಗನ್ನಡಿಗೆ ಬರುತ್ತದೆ. ಬಲಕ್ಕೆ ತಿರುಗುವಾಗ ಅದೇ ರಸ್ತೆ ಬಲಗನ್ನಡಿಯಲ್ಲಿ. ಕನ್ನಡಿಗಳು ಕಾರಿನ ಜೊತೆ ತಿರುಗುತ್ತವೆ, ರಸ್ತೆ ತಿರುಗುವುದಿಲ್ಲವಲ್ಲ! ಒಂದು ತಿರುವು ಎಡಕ್ಕಾದರೆ ಮುಂದಿನದು ಬಲಕ್ಕೆ. ಎಡಗನ್ನಡಿ ಮಡಚಿದವರು ಹೆಚ್ಚುಕಡಿಮೆ ಅರ್ಧ ತಿರುವುಗಳಲ್ಲಿ ಬೆನ್ನ ಹಿಂದೆ ಏನಿದೆಯೆಂದು ತಿಳಿಯದೆಯೇ ಇಳಿಯುತ್ತಾರೆ.

ನಡುಘಟ್ಟದ ಒಂದು ಎಡ ತಿರುವು. ಹಿಂದಿನ ಚಕ್ರ ಮುಂದಿನ ಚಕ್ರಕ್ಕಿಂತ ಒಳಗೆ ಕತ್ತರಿಸಿಕೊಂಡು ಬರುವುದರಿಂದ ಅದು ಚರಂಡಿಗೆ ಇಳಿಯದಂತೆ ಮಗಳು ಕಾರನ್ನು ಸ್ವಲ್ಪ ಬಲಕ್ಕೆ ಹಿಡಿದಿದ್ದಳು. ಇನ್ನೇನು ಸ್ಟೀರಿಂಗ್ ಎಡಕ್ಕೆ ತಿರುಗಬೇಕು. ತಿರುಗಿಸುವ ಮೊದಲು ಎಡಗನ್ನಡಿಗೆ ಕಣ್ಣು ಹಾಯಿಸಿದಳು. ಅದರ ಮೂಲೆಯಲ್ಲಿ ಒಂದು ಚಿಕ್ಕ ಹೆಲ್ಮೆಟ್.

ಬ್ರೇಕ್ ಬಿತ್ತು. ಕಾರಿಗೂ ಬೆಟ್ಟದ ಬದಿಯ ಚರಂಡಿಗೂ ನಡುವೆ ಬಿಟ್ಟಿದ್ದ ಆ ಸಂದಿಯಲ್ಲಿ ಇಬ್ಬರು ಹುಡುಗರಿದ್ದ ಬೈಕೊಂದು ನುಗ್ಗಿ ಬಂದಿತ್ತು. ಬೆನ್ನಿಗೆ ಕಾಲೇಜಿನ ಚೀಲ. ಕಾರು ಬಲಕ್ಕೆ ಸರಿದದ್ದನ್ನು ಅವರು ತಮಗೆ ಬಿಟ್ಟ ದಾರಿಯೆಂದು ತಿಳಿದಿದ್ದರು. ಅದೇ ಹೊತ್ತಿಗೆ ಕೆಳಗಿನಿಂದ ಹಾರ್ನ್ ಹಾಕುತ್ತ ಇನ್ನೊಂದು ಮಿನಿ ಬಸ್ಸು ತಿರುವನ್ನು ಪೂರ್ತಿ ಆವರಿಸಿಕೊಂಡು ಹತ್ತಿ ಬಂತು. ಬೈಕಿನವರಿಗೆ ಮುಂದೆ ಹೋಗಲು ದಾರಿಯಿಲ್ಲ, ಹಿಂದೆ ಸರಿಯಲು ಸಮಯವಿಲ್ಲ. ಕಾರು ನಿಂತಿದ್ದರಿಂದ ಅವರೂ ಪಕ್ಕದಲ್ಲಿ ಕಾಲೂರಿ ನಿಂತರು. ಬಸ್ಸು ಏದುಸಿರು ಬಿಡುತ್ತ ದಾಟಿಹೋಯಿತು. ಹುಡುಗರಲ್ಲೊಬ್ಬ ಕಿಟಕಿಯ ಕಡೆ ನೋಡಿ ಕೈ ಎತ್ತಿದ. ಅದು ಕ್ಷಮೆಯೋ ಕೃತಜ್ಞತೆಯೋ ತಿಳಿಯುವ ಮೊದಲೇ ಬೈಕು ಕೆಳಗಿನ ತಿರುವಿನಲ್ಲಿ ಮರೆಯಾಗಿತ್ತು.

ಆಗಿದ್ದು ಇಷ್ಟೇ. ಯಾರಿಗೂ ಗೀರು ಗಾಯವಾಗಲಿಲ್ಲ. ಪತ್ರಿಕೆಯಲ್ಲಿ ಬರುವಂಥ ಸುದ್ದಿ ಅದಲ್ಲ. ಕನ್ನಡಿ ಸರಿಯಿದ್ದಾಗ ಸುದ್ದಿಯೇ ಆಗುವುದಿಲ್ಲ.

ತಂದೆ ಆ ತಿರುವಿನಿಂದ ಮುಂದೆ ಮಾತಾಡಲಿಲ್ಲ. ಮಗಳು ಗೇರು ಬದಲಿಸದೆ, ಪ್ರತಿ ತಿರುವಿಗೂ ಮೊದಲು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕಣ್ಣು ಹೊರಳಿಸುತ್ತ ಇಳಿದಳು. ಈ ಹೊರಳು ನೋಟ ಅರ್ಧ ಸೆಕೆಂಡು ಮೀರಬಾರದು. ಗಂಟೆಗೆ 20 ಕಿಲೊಮೀಟರ್ ವೇಗದ ಕಾರೂ ಒಂದು ಸೆಕೆಂಡಿಗೆ ಐದೂವರೆ ಮೀಟರ್ ಸಾಗುತ್ತದೆ. ಬಯಲು ರಸ್ತೆಯ 60ರ ವೇಗದಲ್ಲಿ ಸುಮಾರು 17 ಮೀಟರ್. ಕನ್ನಡಿಯೊಳಗೆ ಕಣ್ಣು ನೆಟ್ಟು ಕೂತರೆ ಮುಂದಿನ ರಸ್ತೆಯನ್ನು ಯಾರು ನೋಡುತ್ತಾರೆ? ಮೊದಲೇ ಹೊಂದಿಸಿಟ್ಟ ಕನ್ನಡಿ ಬೇಕಾಗುವುದು ಇದಕ್ಕೇ. ಹುಡುಕದೆಯೇ ಕಾಣಬೇಕು.

ಘಟ್ಟದ ಬುಡದಲ್ಲಿ

ಸೋಮೇಶ್ವರದಲ್ಲಿ ಗಾಳಿಯೇ ಬೇರೆ. ಮೇಲಿನ ಚಳಿ ಹೋಗಿ ಕರಾವಳಿಯ ಸೆಕೆ ಮೈಗಂಟುತ್ತದೆ. ಸಿಂಗಳೀಕಗಳ ನೆಲೆಯಾದ ಸೋಮೇಶ್ವರ ಅಭಯಾರಣ್ಯದ ಕಾಡು ರಸ್ತೆಯ ಎರಡೂ ಬದಿಗೆ ನಿಂತಿರುತ್ತದೆ. ಅಲ್ಲಿ ನೆರಳಿನಲ್ಲಿ ಕಾರು ನಿಂತಿತು. ತಂದೆ ಇಳಿದು, ಬಟ್ಟೆಯ ತುಂಡಿನಿಂದ ಎಡಗನ್ನಡಿಯ ಮೇಲಿನ ಮಂಜಿನ ಹನಿ ಒರೆಸಿದರು.

“ಆ ಬೈಕು ನಂಗೆ ಕಂಡಿರ್ಲಿಲ್ಲ” ಎಂದರು.

“ನೀವು ಕೂತ ಜಾಗದಿಂದ ಕಾಣಲ್ಲ ಅಪ್ಪಯ್ಯ.”

“ಅಲ್ಲ, ನಾನು ಓಡ್ಸಿದ್ರೂ ಕಾಣ್ತಿರ್ಲಿಲ್ಲ.”

ಮೂವತ್ತು ವರ್ಷ ಏನೂ ಆಗಿಲ್ಲ ಎಂದಿದ್ದ ಬಾಯಿಂದ ಈ ಮಾತು ಬರುವುದು ಸುಲಭವಲ್ಲ. ಮಗಳೂ ಅದನ್ನು ಬೆಳೆಸಲಿಲ್ಲ. ಅವಳ ಮನಸ್ಸಿನಲ್ಲಿ ಬೇರೆಯದೇ ಓಡುತ್ತಿತ್ತು. ಕಾಲೇಜಿನಲ್ಲಿ ಅವಳೂ ಗೆಳತಿಯ ಸ್ಕೂಟರಿನಲ್ಲಿ ಬಸ್ಸುಗಳ ಎಡಬದಿಗೆ ನುಸುಳಿ ಹೋಗುವವಳೇ. ತಾನು ಬಸ್ಸನ್ನು ನೋಡುತ್ತಿದ್ದೇನೆ ಎಂದರೆ ಬಸ್ಸಿನವನೂ ತನ್ನನ್ನು ನೋಡುತ್ತಿದ್ದಾನೆ ಎಂದೇ ಅವಳು ತಿಳಿದಿದ್ದಳು.

ಬೆಳಕಿನ ನಿಯಮ ಇಲ್ಲಿ ಸರಳ. ಬೆಳಕು ಹೋದ ದಾರಿಯಲ್ಲೇ ಮರಳಿ ಬರಬಲ್ಲದು. ಮುಂದಿನ ವಾಹನದ ಕನ್ನಡಿಯಲ್ಲಿ ಚಾಲಕನ ಮುಖ ಕಂಡರೆ ಅವನಿಗೂ ಹಿಂದಿನವರು ಕಾಣುವ ಸಾಧ್ಯತೆ ಇದೆ. ಅವನ ಮುಖ ಕಾಣದಿದ್ದರೆ ಆ ಕನ್ನಡಿಯಲ್ಲಿ ಅವನಿಗೆ ಇವರೂ ಕಾಣುವುದಿಲ್ಲ, ಖಂಡಿತ. ಬೈಕು, ಸ್ಕೂಟರ್ ಓಡಿಸುವ ವಿದ್ಯಾರ್ಥಿಗಳು ನೆನಪಿಡಬೇಕಾದ ಒಂದೇ ಸೂತ್ರವಿದ್ದರೆ ಅದು ಇದು. ಚೆಂದಕ್ಕೆಂದು ಬೈಕಿನ ಕನ್ನಡಿ ಕಳಚಿಡುವವರು, ತಲೆ ಬಾಚಲಿಕ್ಕೆ ಅನುಕೂಲವಾಗುವಂತೆ ತಿರುಗಿಸಿಕೊಳ್ಳುವವರು ಇದನ್ನು ಒಮ್ಮೆ ಯೋಚಿಸಬೇಕು. ಮಗನ ಬೈಕಿಗೆ ಕನ್ನಡಿ ಇದೆಯೇ ಎಂದು ನೋಡುವುದು ಅಪ್ಪಂದಿರಿಗೂ ಕಷ್ಟದ ಕೆಲಸವಲ್ಲ.

ಹೆಬ್ರಿ, ಪೆರ್ಡೂರು ದಾಟಿ ಮಧ್ಯಾಹ್ನದ ಊಟದ ಹೊತ್ತಿಗೆ ಉಡುಪಿ ಬಂತು. ಹಾಸಿಗೆ, ಅಕ್ಕಿ, ಪುಸ್ತಕ, ಭರಣಿ ಎಲ್ಲವೂ ಮೊದಲ ಮಹಡಿಯ ಕೋಣೆ ಸೇರಿದವು. ತಂದೆ ಹೊರಟು ಕಾರಿನಲ್ಲಿ ಕೂತಾಗ ಮೂರು ಕನ್ನಡಿಯೂ ಮಗಳ ಎತ್ತರಕ್ಕೆ ಇದ್ದವು. ಒಳಗನ್ನಡಿಯಲ್ಲಿ ಕಾಣುತ್ತಿದ್ದುದು ಕಾರಿನ ಹಿಂದಿನ ಸೀಟು. ಅವರು ಸೀಟು ಹಿಂದಕ್ಕೆ ಸರಿಸಿದರು. ಬೆನ್ನು ಒರಗಿಸಿದರು. ತಲೆಯನ್ನು ಬಲಗಡೆಯ ಗಾಜಿಗೆ ತಾಗಿಸಿ ಒಂದು ಕನ್ನಡಿ, ನಡುವಿಗೆ ತಂದು ಇನ್ನೊಂದು ಹೊಂದಿಸಿದರು. ಗೇಟಿನ ಬಳಿ ನಿಂತ ಮಗಳು ನಗು ತಡೆದುಕೊಂಡು ನೋಡುತ್ತಿದ್ದಳು. ಕಾರು ಹೊರಟ ಮೇಲೆ ಓಣಿಯ ತಿರುವಿನವರೆಗೂ ಅವಳು ಒಳಗನ್ನಡಿಯಲ್ಲಿದ್ದಳು.

ಸಂಜೆ ಘಟ್ಟ ಹತ್ತುವಾಗ ಸೂರ್ಯ ಬೆನ್ನ ಹಿಂದೆ. ಪ್ರವಾಸಿಗರು ಕಾದು ನಿಂತು ನೋಡುವ ಆ ಕೆಂಪು ಬೆಳಕು ಘಟ್ಟ ಹತ್ತುವವರಿಗೆ ಒಳಗನ್ನಡಿಯಲ್ಲಿ ಕಣ್ಣು ಕುಕ್ಕುವ ಬೆಂಕಿಯಾಗಿ ಸಿಗುತ್ತದೆ. ಕನ್ನಡಿಯ ಅಡಿಯಲ್ಲಿರುವ ಸಣ್ಣ ಹಿಡಿಕೆ ಇರುವುದು ಅದಕ್ಕೆ, ಮತ್ತು ರಾತ್ರಿ ಹಿಂದಿನಿಂದ ಬೀಳುವ ಹೆಡ್‌ಲೈಟಿಗೆ. ಆ ಕನ್ನಡಿಯ ಗಾಜು ಬೆಣೆಯಾಕಾರದ್ದು. ಹಿಡಿಕೆ ತಿರುಗಿಸಿದರೆ ಹಿಂಬದಿಯ ಬೆಳ್ಳಿಲೇಪದ ಹೊಳಪು ಮಾಡಿನ ಕಡೆ ಹೋಗಿ, ಗಾಜಿನ ಮುಂಬದಿಯಿಂದ ನೂರಕ್ಕೆ ನಾಲ್ಕು ಪಾಲಿನಷ್ಟು ಬೆಳಕು ಮಾತ್ರ ಕಣ್ಣಿಗೆ ಬರುತ್ತದೆ. ಹಿಂದಿನ ವಾಹನ ಕಾಣುತ್ತದೆ, ಕಣ್ಣು ಕುಕ್ಕುವುದಿಲ್ಲ. ವರ್ಷಗಟ್ಟಲೆ ಕಾರು ಇಟ್ಟುಕೊಂಡವರಲ್ಲೂ ಈ ಹಿಡಿಕೆ ಯಾಕಿದೆಯೆಂದು ತಿಳಿಯದವರಿದ್ದಾರೆ. ತಂದೆ ಅದನ್ನು ತಿರುಗಿಸಿದರು. ಬೆಂಕಿ ತಣ್ಣಗಾಗಿ ಹಿಂದಿನ ತಿರುವು, ಅದರ ಕೆಳಗಿನ ಕಾಡು ಮಸುಕಾಗಿ ಕಂಡವು.

ತೀರ್ಥಹಳ್ಳಿ ಮುಟ್ಟುವಾಗ ಕತ್ತಲಾಗಿತ್ತು. ಓಣಿ ಬೆಳಗಿನಷ್ಟೇ ಕಿರಿದಾಗಿತ್ತು. ಕಾರು ನಿಲ್ಲಿಸಿ ಇಳಿದ ತಂದೆಯ ಕೈ ರೂಢಿಯಂತೆ ಎಡಗನ್ನಡಿಗೆ ಹೋಯಿತು. ಮಡಚದೆ ವಿಧಿಯಿಲ್ಲ, ಮಡಚಿದರು. ಆಮೇಲೆ ಮನೆಯೊಳಗೆ ಹೋಗಿ ಕಾರಿನ ಬೀಗದಕೈಗೆ ಒಂದು ಕೆಂಪು ದಾರ ಕಟ್ಟಿದರು. ಇದೇನೆಂದು ಮಗಳ ತಾಯಿ ಕೇಳಿದಾಗ, “ಬೆಳಿಗ್ಗೆ ಬಿಚ್ಚೋದು ಒಂದುಂಟು, ಮರ್ತುಹೋಗ್ತದೆ” ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದರು.